ಒಳ್ಳೆ ಸೊಪ್ಪು

ಆಕೆಯನ್ನು ಒಂದು ಕಡೆ ಕೂರಿಸುವುದು ಯಾರಿಂದಲೂ ಆಗದ ಕೆಲಸ. ಕೂತರೂ ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಕೂತರೆ ಟಿಕೆಟ್ಟನ್ನು ನಾಲ್ಕು ಮಡಿಕೆ ಮಡಿಸುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಿಸುತ್ತಾಳೆ. ಊಟಕ್ಕೆ ಕೂತರೆ ಪಕ್ಕದವರ ನೀರಿನ ಲೋಟವನ್ನು ಸರಿಯಾಗಿ ಇಡುತ್ತಾಳೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿದರೆ ಅಲ್ಲಿರುವ ಹೂಕುಂಡದ ಒಣ ಎಲೆಗಳನ್ನೆಲ್ಲ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡು, ಎಲ್ಲಿ ಹಾಕುವುದೋ ತಿಳಿಯದೆ ಮನೆಗೆ ತರುತ್ತಾಳೆ. ಮೂವತ್ತು ವರ್ಷ ಬಸ್ಸು ಓಡಿಸಿ ಈಗ ಮನೆಯಲ್ಲಿ ಕುರ್ಚಿ ಸವೆಸುತ್ತಿರುವ ಅವಳ ಗಂಡ, "ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿ ಕಳಿಸಿದಾರೆ, ಬ್ರೇಕ್ ಹಾಕೋದು ಮರೆತಿದಾರೆ" ಎನ್ನುತ್ತಾನೆ.

ಪುಣ್ಯಕ್ಕೆ ಅವಳದ್ದು ಕೂರುವ ಕೆಲಸವಲ್ಲ. ಊರಿನ ಗಾಳಿ, ನೀರು, ಮಣ್ಣು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಆಕೆ ಅಟೆಂಡರ್. ಹೆಸರಿಗೆ ಅಟೆಂಡರ್, ಮಾಡುವುದು ಎಲೆ ಕೀಳುವ ಕೆಲಸ. ವರ್ಷಕ್ಕೆ ನಾಲ್ಕು ಸಲ, ಹೆಗಲ ಮೇಲೆ ಹದಿನಾಲ್ಕು ಅಡಿಯ ದೋಟಿ, ದೋಟಿಯ ತುದಿಗೆ ಕೊಕ್ಕೆ ಮತ್ತು ಚೂರಿ, ಬಗಲಲ್ಲಿ ಕಾಗದದ ಲಕೋಟೆಗಳ ಚೀಲ, ಕಿವಿಯ ಸಂದಿಯಲ್ಲಿ ಸೀಸದ ಕಡ್ಡಿ ಸಿಕ್ಕಿಸಿಕೊಂಡು ಹೊರಡುತ್ತಾಳೆ. ಗಾಳಿಯಲ್ಲಿ ಹಾರುವ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳ ಧೂಳು ಎಲೆಯ ಮೇಲೆ ಕೂರುತ್ತದೆ, ಒಳಕ್ಕೂ ಇಳಿಯುತ್ತದೆ. ಆ ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಕೊಟ್ಟರೆ ಎಷ್ಟಿದೆ ಎಂದು ಅದು ಲೆಕ್ಕ ಹೇಳುತ್ತದೆ. ಸೀಸ ಹುಡುಕಲು ಹೊರಟವಳ ಕಿವಿಯಲ್ಲೇ ಸೀಸದ ಕಡ್ಡಿ ಎಂದು ಪ್ರಯೋಗಾಲಯದವರು ನಗುತ್ತಿದ್ದರು. ಈ ನಗೆಚಾಟಿಕೆಗೆ ಹತ್ತೊಂಬತ್ತು ವರ್ಷ ವಯಸ್ಸಾಗಿತ್ತು, ಆದರೂ ಯಾರೂ ಅದನ್ನು ನಿವೃತ್ತಿ ಮಾಡಿಸಿರಲಿಲ್ಲ.

ಊರಿನಲ್ಲಿ ಅವಳ ಪಾಲಿಗೆ ಇಪ್ಪತ್ತಾರು ಮರಗಳು. ಪ್ರತಿ ಮರದ ಬುಡಕ್ಕೂ ಬಿಳಿ ಬಣ್ಣದಲ್ಲಿ ನಂಬರು. ಅವುಗಳಲ್ಲಿ ಹದಿನೇಳರಿಂದ ಇಪ್ಪತ್ತೊಂದರವರೆಗಿನ ಐದೂ ಹಿಪ್ಪುನೇರಳೆ ಮರಗಳು. ಐದೂ ಒಂದೇ ಓಣಿಯಲ್ಲಿವೆ. ಓಣಿಯ ಒಂದು ಬದಿಗೆ ಪ್ರಾಥಮಿಕ ಶಾಲೆಯ ಗೋಡೆ. ಇನ್ನೊಂದು ಬದಿಗೆ ಹಳೇ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸ ಕರಗಿಸಿ, ಗಟ್ಟಿ ಎರಕ ಹೊಯ್ಯುವ ಕಾರ್ಖಾನೆ. ಹಣ್ಣು ಬಿಡುವ ಕಾಲಕ್ಕೆ ಶಾಲೆಯ ಮಕ್ಕಳು ಗೋಡೆ ಹತ್ತಿ ಹಿಪ್ಪುನೇರಳೆ ಹಣ್ಣು ತಿಂದು, ನೀಲಿ ನಾಲಿಗೆ ಚಾಚಿ ಅವಳಿಗೆ ತೋರಿಸುತ್ತಿದ್ದವು. ಅವಳೂ ತನ್ನ ನಾಲಿಗೆ ಚಾಚಿ ತೋರಿಸಿ ಮುಂದೆ ಹೋಗುತ್ತಿದ್ದಳು.

ಅವಳನ್ನು ಎಲ್ಲರೂ ಸೊಪ್ಪಿನಕ್ಕ ಎಂದು ಕರೆಯುತ್ತಿದ್ದರು. ಆ ಹೆಸರು ಬಂದ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಯಾಕೆಂದರೆ ಮುಂದಿನ ರಾದ್ಧಾಂತವೆಲ್ಲ ಅಲ್ಲಿಂದಲೇ ಶುರುವಾಗಿದ್ದು. ಅವಳ ತವರಿನಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಆ ಮನೆಯಲ್ಲಿ ಹಿಪ್ಪುನೇರಳೆಯ ಎಲೆಯನ್ನು ಎಲೆ ಎನ್ನುವ ರೂಢಿ ಇರಲಿಲ್ಲ, ಸೊಪ್ಪು ಎನ್ನುತ್ತಿದ್ದರು. ಸೊಪ್ಪಿನಲ್ಲಿ ಎರಡೇ ಜಾತಿ: ಒಳ್ಳೆ ಸೊಪ್ಪು, ಕೆಟ್ಟ ಸೊಪ್ಪು. ಕೊಂಬೆಯ ತುದಿಯ ಮೂರು ನಾಲ್ಕು ಎಳೆಯ ಎಲೆ, ಹೊಳೆಯುವಂಥದ್ದು, ಚುಕ್ಕೆ ಇಲ್ಲದ್ದು, ಧೂಳು ಕೂರದ್ದು, ಅದು ಒಳ್ಳೆಯದು. ಬಲಿತದ್ದು, ದೊರಗು, ಧೂಳು ಹಿಡಿದದ್ದು ಕೆಟ್ಟದ್ದು. ಅದನ್ನು ತಿಂದ ಮರಿಹುಳು ಸಾಯುತ್ತದೆ. "ಹುಳದಷ್ಟು ನಾಜೂಕು ಹೊಸ ಸೊಸೇನೂ ಇರಲ್ಲ" ಎನ್ನುತ್ತಿದ್ದ ಅವಳ ತಾಯಿ, ಮಗಳು ಆರು ವರ್ಷದವಳಿದ್ದಾಗಲೇ ಕೈಗೆ ಬುಟ್ಟಿ ಕೊಟ್ಟು ತೋಟಕ್ಕೆ ಅಟ್ಟಿದ್ದಳು. ಕೆಟ್ಟ ಸೊಪ್ಪು ತಂದ ದಿನ ಬೆನ್ನಿಗೆ ಬಿದ್ದ ಏಟು ಈಗಲೂ ನೆನಪಿದೆ.

ಪ್ರಯೋಗಾಲಯಕ್ಕೆ ಸೇರಿದ ಮೊದಲ ದಿನ ಆಗಿನ ಸಾಹೇಬರು ಅವಳನ್ನು ಆ ಓಣಿಗೆ ಕರೆದುಕೊಂಡು ಹೋಗಿದ್ದರು. ಒಳ್ಳೆಯ ಮನುಷ್ಯ, ಆದರೆ ಅವಸರದ ಮನುಷ್ಯ. ಮಧ್ಯಾಹ್ನದ ಬಿಸಿಲು, ಜೀಪಿನಿಂದ ಇಳಿಯಲೂ ಅವರಿಗೆ ಮನಸ್ಸಿಲ್ಲ. ಮರ ನೋಡಿದವಳೇ ಇವಳು, "ಅಯ್ಯೋ ಸಾರ್, ಇದು ನಮ್ಮ ಸೊಪ್ಪು" ಎಂದಳು. ಹುಳುವಿನ ಮನೆಯ ಕಥೆ ಕೇಳಿ ಸಾಹೇಬರು ಖುಷಿಯಾದರು. "ಹಾಗಾದ್ರೆ ನಿನಗೆ ನಾನೇನಮ್ಮ ಹೇಳ್ಕೊಡೋದು? ಒಂದೊಂದು ಮರದಿಂದ ಒಂದೊಂದು ಲಕೋಟೆ ಒಳ್ಳೆ ಸೊಪ್ಪು ತಗೊಂಬಾ" ಎಂದು ಗಾಜು ಏರಿಸಿಕೊಂಡರು. ಸಾಹೇಬರ ಲೆಕ್ಕದಲ್ಲಿ ಒಳ್ಳೆಯದು ಎಂದರೆ ಹರಿಯದ, ಹುಳು ತಿನ್ನದ, ಪೂರ್ತಿ ಬಲಿತ ಎಲೆ. ಅವಳ ಲೆಕ್ಕದಲ್ಲಿ ಏನು ಎನ್ನುವುದನ್ನು ಈಗಾಗಲೇ ಹೇಳಿಯಾಗಿದೆ. ಅವರು ಬಿಡಿಸಿ ಹೇಳಲಿಲ್ಲ, ಇವಳು ಕೇಳಲಿಲ್ಲ. ಸಾಹೇಬರು ಕೆಲವು ವರ್ಷಗಳ ಮೇಲೆ ನಿವೃತ್ತರಾಗಿ, ಆಮೇಲೆ ತೀರಿಕೊಂಡರು.

ಹೀಗೆ ಹತ್ತೊಂಬತ್ತು ವರ್ಷ, ಎಲ್ಲ ಮರಗಳಿಂದಲೂ ಅವಳು ಒಳ್ಳೆ ಸೊಪ್ಪನ್ನೇ ತಂದಳು. ದೋಟಿಯಿಂದ ಕೊಂಬೆ ಎಳೆದು ಕೊಯ್ದು, ನೆಲಕ್ಕೆ ಬಿದ್ದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ತುದಿಯ ಎಳೆಯ ಎಲೆಗಳನ್ನು ಆರಿಸಿ ಲಕೋಟೆಗೆ ಹಾಕುವಳು. ಹದಿನೈದು ದಿನದ ಹಿಂದೆ ಹುಟ್ಟಿದ ಎಲೆಯ ಮೇಲೆ ಎಷ್ಟು ಸೀಸ ಕೂತಿರುತ್ತದೆ? ಪ್ರತಿ ವರ್ಷವೂ ಓಣಿಯ ವರದಿಯಲ್ಲಿ ಅದೇ ಒಂದು ಸಾಲು: ಮಿತಿಯೊಳಗೆ ಇದೆ. ಅದನ್ನು ಓದಿದಾಗಲೆಲ್ಲ ಅವಳಿಗೆ, ಪರೀಕ್ಷೆಯಲ್ಲಿ ತನ್ನ ಮಗಳೇ ಪಾಸಾದಷ್ಟು ಹಿಗ್ಗು.

ಉಳಿದ ಕೆಟ್ಟ ಸೊಪ್ಪನ್ನು ಏನು ಮಾಡುವುದು? ಬಿಸಾಡಲು ಅವಳ ಕೈ ಬರಲಿಲ್ಲ. ಬೇರೆ ಮರಗಳ ಎಲೆ ಬಿರುಸು, ಬೇಗ ಕೊಳೆಯುವುದಿಲ್ಲ. ಹಿಪ್ಪುನೇರಳೆಯದು ಹಾಗಲ್ಲ, ಒಂದು ಮಳೆಗೆ ಮೆತ್ತಗಾಗಿ ಗೊಬ್ಬರವಾಗುತ್ತದೆ. ಅದನ್ನು ಗೋಣಿಚೀಲಕ್ಕೆ ತುಂಬಿ, ಕೊನೆಯ ಬಸ್‌ಸ್ಟಾಪಿನಾಚೆ, ನೀರಿನ ಟ್ಯಾಂಕಿನ ದಿಬ್ಬದ ಮೇಲಿರುವ ಮನೆಗೆ ತಂದು, ತಾರಸಿಯ ಮೇಲಿನ ಹನ್ನೆರಡು ಕುಂಡಗಳಿಗೆ ಹಾಕುತ್ತಿದ್ದಳು. ಆ ಕುಂಡಗಳಲ್ಲಿ ತಿನ್ನುವ ಸೊಪ್ಪು ಬೆಳೆಯುತ್ತಿತ್ತು. ಗಂಡ ಮಾತ್ರ, "ನಿನ್ನ ಬೀದಿ ಕಸ ನನಗೆ ಬೇಡ" ಎಂದು ಅಂಗಡಿಯಿಂದ ಮಣ್ಣು ತಂದು ಹದಿಮೂರನೆಯ ಕುಂಡದಲ್ಲಿ ಒಂದು ಗುಲಾಬಿ ನೆಟ್ಟಿದ್ದ. ಗುಲಾಬಿ ಬಡಕಲಾಗಿಯೇ ಇತ್ತು. ಸೊಪ್ಪು ಮಾತ್ರ ಮೊಣಕಾಲೆತ್ತರ. "ಕಸದಿಂದ ರಸ ಅಂದ್ರೆ ಇದು, ಕಣ್ಣಿಟ್ಟು ನೋಡಿ" ಎಂದು ಅವಳು ಗಂಡನನ್ನು ಹಂಗಿಸುತ್ತಿದ್ದಳು. ಎರಡು ಬೀದಿಯಾಚೆ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ದಿನಾ ಮಧ್ಯಾಹ್ನ ಊಟಕ್ಕೆ ತಾಯಿಯ ಮನೆಗೇ ಬರುತ್ತಿದ್ದಳು. ಅವಳಿಗೀಗ ಆರು ತಿಂಗಳು. ಡಾಕ್ಟರು ಸೊಪ್ಪು ಚೆನ್ನಾಗಿ ತಿನ್ನಿ ಎಂದಿದ್ದರು. ಚೆನ್ನಾಗಿ ಎನ್ನುವ ಮಾತು ತಾಯಿಯ ಕಿವಿಗೆ ಬಿದ್ದ ಮೇಲೆ ಕೇಳಬೇಕೇ? ಮಗಳ ತಟ್ಟೆಯಲ್ಲಿ ಅರ್ಧಕ್ಕರ್ಧ ಹಸಿರೇ ಇರುತ್ತಿತ್ತು.

ಈ ವರ್ಷ ಪ್ರಯೋಗಾಲಯಕ್ಕೆ ಹೊಸ ಮೇಡಂ ಬಂದರು. ವಯಸ್ಸು ಮೂವತ್ತರ ಆಸುಪಾಸು, ಸಣ್ಣ ದನಿ, ದಪ್ಪ ಕನ್ನಡಕ. ಎಲ್ಲವನ್ನೂ ತಾನೇ ನೋಡಬೇಕು ಎನ್ನುವ ಸ್ವಭಾವ. ಎಲೆ ತರಲು ನಾನೂ ಬರುತ್ತೇನೆ ಎಂದು ಹೊರಟರು. ಹದಿನೇಳನೆಯ ಮರದ ಕೆಳಗೆ ಸೊಪ್ಪಿನಕ್ಕ ಕೊಂಬೆ ಕೊಯ್ದು, ಕುಕ್ಕರುಗಾಲಿನಲ್ಲಿ ಕೂತು, ಎಂದಿನಂತೆ ತುದಿ ಚಿವುಟತೊಡಗಿದಳು. ಮೇಡಂ ಸ್ವಲ್ಪ ಹೊತ್ತು ನೋಡಿದರು.

"ಅಕ್ಕಾ, ಅದ್ಯಾಕೆ ಬರೀ ಚಿಗುರು ಕೀಳ್ತಿದ್ದೀರಿ?"

"ಒಳ್ಳೆ ಸೊಪ್ಪು ಮೇಡಂ."

"ಚಿಗುರಲ್ಲಿ ಏನೂ ಸಿಗಲ್ಲ ಅಕ್ಕ. ಅದು ನಿನ್ನೆ ಮೊನ್ನೆ ಬಂದಿದ್ದು. ನಮಗೆ ಬೇಕಿರೋದು ಬಲಿತ ಎಲೆ, ಐದಾರು ತಿಂಗಳು ಈ ಗಾಳೀಲಿ ನಿಂತಿರೋದು. ಯಾವಾಗಲೂ ಹೀಗೇ ಕೀಳ್ತೀರಾ?"

ಸೊಪ್ಪಿನಕ್ಕ ಚಿವುಟಿದ ಚಿಗುರನ್ನು ಸೆರಗಿನ ಕೆಳಗೆ ಸರಿಸಿದಳು. ಒಂದು ಕ್ಷಣದಲ್ಲಿ ಹತ್ತೊಂಬತ್ತು ವರ್ಷದ ಲಕೋಟೆಗಳೆಲ್ಲ ಕಣ್ಣ ಮುಂದೆ ಬಂದು ನಿಂತವು. ಆ ಗಾಬರಿಯಲ್ಲಿ ಬಾಯಿ ತಾನಾಗಿಯೇ ಮಾತಾಡಿತು.

"ಇಲ್ಲ ಇಲ್ಲ ಮೇಡಂ. ಇವತ್ತು ಯಾಕೋ ಕಣ್ಣು ಮಂಜು. ಗೊತ್ತಾಗ್ಲಿಲ್ಲ."

ಮೇಡಂ ತಾವೇ ಕೂತು ಬಲಿತ ಎಲೆಗಳನ್ನು ಆರಿಸಿದರು. ಮರದ ನಾಲ್ಕೂ ದಿಕ್ಕಿನಿಂದ ಕೊಯ್ಯಬೇಕು, ಆಳೆತ್ತರಕ್ಕಿಂತ ಮೇಲಿನದ್ದೇ ಬೇಕು, ಎಲ್ಲ ಲಕೋಟೆಗೂ ಒಂದೇ ವಯಸ್ಸಿನ ಎಲೆ ಬೇಕು ಎಂದು ಹೇಳುತ್ತಾ ಹೋದರು. ಸೊಪ್ಪಿನಕ್ಕ ದೋಟಿ ಎತ್ತಿದಳು, ಇಳಿಸಿದಳು, ತಲೆಯಾಡಿಸಿದಳು. ಶಾಲೆಯ ಗೋಡೆಯ ಮೇಲೆ ಕೂತಿದ್ದ ಹುಡುಗಿಯೊಬ್ಬಳು ನಾಲಿಗೆ ಚಾಚಿದಾಗ ತಿರುಗಿ ಚಾಚಲು ಅವಳಿಗೆ ನೆನಪಾಗಲಿಲ್ಲ.

ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲು ಆಗಲಿಲ್ಲ. ಮೊದಲೇ ಬ್ರೇಕಿಲ್ಲದ ಗಾಡಿ, ಈಗ ಇಳಿಜಾರೂ ಸಿಕ್ಕಿತು ಎನ್ನಿ. ಪ್ರಯೋಗಾಲಯದ ಗಾಜಿನ ಪಾತ್ರೆಗಳನ್ನು ತೊಳೆದದ್ದನ್ನೇ ತೊಳೆದಳು. ಓವನ್ನಿನಲ್ಲಿ ಒಣಗಲು ಇಟ್ಟ ಲಕೋಟೆಗಳನ್ನು ದಿನಕ್ಕೆ ಹತ್ತು ಸಲ ಇಣುಕಿದಳು. ಯಾರಾದರೂ ಪಿಸುಗುಟ್ಟಿದರೆ ತನ್ನ ವಿಷಯವೇ ಎಂದು ಬೆಚ್ಚುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವಳು ದಿನವಿಡೀ ಹೆಗಲು ಒರೆಸಿಕೊಳ್ಳುತ್ತಿದ್ದಳು, ದೋಟಿ ಹೊತ್ತ ಹೆಗಲು.

ಹತ್ತು ದಿನಕ್ಕೆ ಫಲಿತಾಂಶ ಬಂತು. ಓಣಿಯ ಐದೂ ಮರಗಳಲ್ಲಿ ಸೀಸ ಮಿತಿಯ ಆರು ಪಟ್ಟು. ದೊಡ್ಡ ರಸ್ತೆಯ ಮರಗಳಲ್ಲೂ ಏರಿತ್ತು, ಆದರೆ ಓಣಿಯಷ್ಟಲ್ಲ. ಮೇಡಂ ಯಂತ್ರವನ್ನು ಮೂರು ಸಲ ಸರಿನೋಡಿ, ಮೂರು ಸಲವೂ ಅದೇ ಅಂಕಿ ಬಂದ ಮೇಲೆ ವರದಿ ಬರೆದು ದೊಡ್ಡ ಸಾಹೇಬರ ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ಕಾರ್ಖಾನೆಯ ಪರವಾನಗಿ ಇನ್ನೈದು ವರ್ಷಕ್ಕೆ ಹೊಸದಾಗಬೇಕಿತ್ತು. ಗುರುವಾರ ಬೆಳಿಗ್ಗೆ ಸಭೆ ಗೊತ್ತಾಯಿತು. ವರದಿಯನ್ನು ಒಪ್ಪಿದರೆ ಕಾರ್ಖಾನೆ ನಿಲ್ಲುತ್ತದೆ, ಒಪ್ಪದಿದ್ದರೆ ಇನ್ನೈದು ವರ್ಷ ಶಾಲೆಯ ಗೋಡೆಗೆ ಅದೇ ಹೊಗೆ.

ದೊಡ್ಡ ಸಾಹೇಬರು ಒಪ್ಪುವ ಲಕ್ಷಣ ಇರಲಿಲ್ಲ. ಅವರು ಕೆಟ್ಟವರೇನಲ್ಲ, ಕಡತವನ್ನು ನಂಬುವವರು. "ಹತ್ತೊಂಬತ್ತು ವರ್ಷ ಮಿತಿಯೊಳಗೆ ಇದ್ದದ್ದು ಒಂದೇ ವರ್ಷಕ್ಕೆ ಆರು ಪಟ್ಟು ಆಗತ್ತೇನ್ರೀ? ನೀವು ಹೊಸಬರು. ಎಲ್ಲೋ ಎಡವಿದ್ದೀರಿ" ಎಂದು ಮೇಡಂಗೆ ಹೇಳುತ್ತಿದ್ದುದು ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದ ಸೊಪ್ಪಿನಕ್ಕನಿಗೆ ಕೇಳಿಸಿತು. ಒರೆಸಿದ ಜಾಗವನ್ನೇ ಅವಳು ಮತ್ತೆ ಒರೆಸಿದಳು. ಮೇಡಂ ಕೆಂಪಗಾದ ಮುಖ ಹೊತ್ತು ಹೊರಬಂದು, ಅವಳ ಎದುರೇ ಒಂದು ಕ್ಷಣ ನಿಂತರು. ಏನಾದರೂ ಕೇಳುತ್ತಾರೆ ಎಂದುಕೊಂಡಳು. ಕೇಳಲಿಲ್ಲ.

ಬುಧವಾರ ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದಳು. ಗಂಡ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದ. ಅವಳು ಕಿಟಕಿ ತೆರೆದಳು, ಮುಚ್ಚಿದಳು, ಮಡಿಸಿಟ್ಟ ಬಟ್ಟೆಗಳನ್ನು ಬಿಚ್ಚಿ ಮತ್ತೆ ಮಡಿಸಿದಳು.

"ರೀ, ಹತ್ತೊಂಬತ್ತು ವರ್ಷ ತಪ್ಪು ರೂಟಲ್ಲಿ ಬಸ್ ಓಡಿಸಿದ್ರೆ ಏನು ಮಾಡ್ತಿದ್ರಿ?"

"ಮೊದಲನೇ ದಿನವೇ ಪ್ಯಾಸೆಂಜರ್‌ಗಳು ಬೈದು ಇಳೀತಿದ್ರು."

"ನನ್ನ ಪ್ಯಾಸೆಂಜರ್‌ಗಳು ಬೈಯಲ್ಲ. ಮರಗಳು."

ಅವನು ಪತ್ರಿಕೆ ಕೆಳಗಿಟ್ಟ. ಅವಳು ಎಲ್ಲವನ್ನೂ ಹೇಳಿದಳು, ಸುಳ್ಳು ಹೇಳಿದ್ದನ್ನೂ ಸೇರಿಸಿ. ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ.

"ರಿಟೈರಾಗೋಕೆ ಇನ್ನೆರಡು ವರ್ಷ ಇದೆ ನಿನಗೆ. ಸುಮ್ಮನೆ ಕಳೆದುಬಿಡು. ಮುಂದಿನ ಸಲ ಆ ಮೇಡಂ ಮತ್ತೆ ಬಲಿತದ್ದೇ ಕೀಳ್ತಾರೆ, ಮತ್ತೆ ಆರು ಪಟ್ಟು ಬರತ್ತೆ, ಆಗ ನಂಬ್ತಾರೆ. ನೀನ್ಯಾಕೆ ಮಧ್ಯೆ ಹೋಗಿ ತಲೆ ಕೊಡ್ತೀಯ?"

"ಅಷ್ಟರಲ್ಲಿ ಪರವಾನಗಿ ಆಗಿರತ್ತೆ. ಕೊಟ್ಟ ಮೇಲೆ ವಾಪಸ್ ತಗೊಳ್ಳೋದು ಅಷ್ಟು ಸುಲಭಾನಾ?"

"ನೀನು ಹೇಳಿದ್ರೆ ಮಾತ್ರ ನಂಬಿಬಿಡ್ತಾರಾ? ಇಷ್ಟು ವರ್ಷ ಅಲ್ಲಿ ಯಾರು ನಿನ್ನ ಮಾತಿಗೆ ಸೊಪ್ಪು ಹಾಕಿದಾರೆ?"

ಆಡಿದ ಮೇಲೆ ಅವನಿಗೇ ನಗು ಬಂತು. ಅವಳಿಗೂ ಬಂತು, ಆದರೆ ಆ ನಗು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಮಗಳು ಬಂದಳು. ಏದುಸಿರು, ಬೆರಳಿಗೆ ಸುತ್ತಿಕೊಂಡ ದಾರದ ತುಂಡು. ತಾಯಿ ತಾರಸಿಗೆ ಓಡಿ ಸೊಪ್ಪು ಕಿತ್ತು ತಂದು ಬೇಯಿಸಿ ಬಡಿಸಿದಳು. "ಇವತ್ತು ಸಾಕಮ್ಮ" ಎಂದರೂ ಕೇಳದೆ ಇನ್ನೊಂದು ಸೌಟು ಹಾಕಿದಳು.

ಗುರುವಾರ. ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ತುದಿಗೆ ದೊಡ್ಡ ಸಾಹೇಬರು, ಒಂದು ಬದಿಗೆ ಮೇಡಂ, ಇನ್ನೊಂದು ಬದಿಗೆ ಕಾರ್ಖಾನೆಯ ಯಜಮಾನ. ಸೊಪ್ಪಿನಕ್ಕ ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಕರೆದರೆ ನೀರು ಕೊಡಲು. ಯಜಮಾನ ಹತ್ತೊಂಬತ್ತು ವರದಿಗಳ ಪ್ರತಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿದ್ದ. ಬೆಳ್ಳಗಿನ ಕೂದಲು, ಮೃದು ಮಾತು.

"ಇದೆಲ್ಲ ನಾನು ಬರೆದಿದ್ದಲ್ಲ ಸಾರ್, ನಿಮ್ಮದೇ ಮುದ್ರೆ ಇರೋದು. ನನ್ನ ಮೊಮ್ಮಗಳನ್ನೂ ಅದೇ ಶಾಲೆಗೆ ಹಾಕಿದೀನಿ. ಇದನ್ನ ನಂಬಿಕೊಂಡೇ ಹಾಕಿದ್ದು."

ದೊಡ್ಡ ಸಾಹೇಬರು ಮೇಡಂ ಕಡೆ ತಿರುಗಿದರು. "ಹಿಂದೆ ಎಲೆ ತೆಗೀತಿದ್ದ ಕ್ರಮ ಬೇರೆ ಅಂತೀರಿ. ಆಧಾರ?"

"ಕಡತದಲ್ಲಿ ಕ್ರಮಾನೇ ಬರೆದಿಲ್ಲ ಸರ್. ಎಲೆ ಸಂಗ್ರಹಿಸಲಾಯಿತು ಅಂತ ಮಾತ್ರ ಇದೆ. ಯಾವ ಎಲೆ ಅಂತ..." ಎಂದು ಮೇಡಂ ನಿಲ್ಲಿಸಿದರು. ಬಾಗಿಲ ಕಡೆ ನೋಡಲಿಲ್ಲ. ನೋಡಬಾರದು ಎಂದು ಕಷ್ಟಪಟ್ಟು ಮೇಜನ್ನೇ ನೋಡುತ್ತಿದ್ದರು. ಈಕೆಗೆ ಗೊತ್ತಿದೆ ಎಂದು ಸೊಪ್ಪಿನಕ್ಕನಿಗೆ ಆಗ ಹೊಳೆಯಿತು. ಅಂದು ಮರದ ಕೆಳಗೇ ಗೊತ್ತಾಗಿತ್ತು. ಗೊತ್ತಿದ್ದೂ ತನ್ನ ಹೆಸರು ಹೇಳದೆ, ಈ ಹುಡುಗಿ ಏಟು ತಿನ್ನುತ್ತಾ ಕೂತಿದ್ದಾಳೆ, ತನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು ಅಷ್ಟೆ.

"ಹಾಗಾದ್ರೆ ಈ ವರದಿಯನ್ನ ಸದ್ಯಕ್ಕೆ ಪಕ್ಕಕ್ಕಿಡೋಣ" ಎಂದು ದೊಡ್ಡ ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ಸ್ಟೂಲು ಹಿಂದಕ್ಕೆ ಬಿತ್ತು. ಅವಳು ಎದ್ದು ನಿಂತಿದ್ದು ಎಲ್ಲರಿಗೂ ಆ ಸದ್ದಿನಿಂದಲೇ ತಿಳಿದದ್ದು.

"ಸಾರ್, ಎಲೆ ಕಿತ್ತವಳು ನಾನು. ಅಷ್ಟೂ ವರ್ಷ ನಾನೇ. ಎಳೇದು ಕಿತ್ತಿದ್ದು. ಚಿಗುರು. ಒಳ್ಳೆ ಸೊಪ್ಪು ತಾ ಅಂದ್ರು ಹಳೇ ಸಾಹೇಬ್ರು, ನಮ್ಮನೇಲಿ ಒಳ್ಳೆ ಸೊಪ್ಪು ಅಂದ್ರೆ ಹುಳಕ್ಕೆ ಹಾಕೋದು. ಧೂಳು ಕೂತಿದ್ದೆಲ್ಲ ಆರಿಸಿ ಆರಿಸಿ ತೆಗೆದುಬಿಟ್ಟೆ ಸಾರ್. ಮೇಡಂ ಕೇಳಿದ್ರು, ಸುಳ್ಳು ಹೇಳಿದೆ. ಈ ಸಲದ್ದೇ ಸರಿ. ಆ ಹತ್ತೊಂಬತ್ತೂ ತಪ್ಪು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು; ಇನ್ನು ಅದನ್ನು ಹಿಂದಕ್ಕೆ ತರುವ ದಾರಿ ಇರಲಿಲ್ಲ. ಅವಳ ಕೈಗಳು ಸೆರಗಿನ ತುದಿಯನ್ನು ಮಡಿಸುತ್ತಾ ಬಿಚ್ಚುತ್ತಾ ಇದ್ದವು.

ಮೊದಲು ಮಾತಾಡಿದವನು ಯಜಮಾನ. "ಇದನ್ನ ಈಗ ಹೇಳ್ತಿದ್ದಾರೆ ಸಾರ್, ಇವತ್ತೇ. ಯಾರಾದ್ರೂ ಹೇಳಿಸಿರಬಹುದು" ಎಂದ, ಮೃದುವಾಗಿಯೇ.

ದೊಡ್ಡ ಸಾಹೇಬರು ಸೊಪ್ಪಿನಕ್ಕನ ಮುಖ ನೋಡಿದರು. ಅದು ಸಿಟ್ಟೋ ಮರುಕವೋ ಹೇಳುವಂತಿರಲಿಲ್ಲ. "ನೀವು ಆರಿಸಿ ಬಿಟ್ಟ ಎಲೆಗಳಲ್ಲಿ ಸೀಸ ಇತ್ತು ಅಂತ ಹೇಗಮ್ಮ ತಿಳ್ಕೊಳ್ಳೋದು? ಅವು ಈಗ ಎಲ್ಲಿವೆ? ಮಾತಿನ ಮೇಲೆ ನಾನು ಹತ್ತೊಂಬತ್ತು ವರದಿ ಹೊಡೆದುಹಾಕೋಕಾಗಲ್ಲ."

"ಇವೆ ಸಾರ್," ಎಂದಳು. ಕೊನೆಗೂ ಒಂದು ಪ್ರಶ್ನೆಗೆ ತನ್ನ ಬಳಿ ಉತ್ತರವಿದೆ ಎಂಬ ಹುರುಪಿನಲ್ಲಿ ಅವಳ ದನಿಯೇ ಏರಿತು. "ಒಂದೂ ಬಿಸಾಡಿಲ್ಲ. ನಮ್ಮನೆ ಕುಂಡದಲ್ಲಿವೆ. ವರ್ಷಾ ವರ್ಷಾ ಅಲ್ಲಿಗೇ ಹಾಕಿದ್ದು. ಸೊಪ್ಪು ಬೆಳೆಯೋ..."

ಅಲ್ಲಿಗೆ ನಿಂತಿತು. ತಾನೇನು ಹೇಳಿದೆ ಎಂಬುದು ಅವಳ ಬಾಯಿಗೆ ಮೊದಲು ಗೊತ್ತಾಗಿ, ಎದೆಗೆ ಆಮೇಲೆ ಗೊತ್ತಾಯಿತು. ನಿನ್ನೆ ಮಧ್ಯಾಹ್ನ, ಬೇಡವೆಂದ ತಟ್ಟೆಗೆ ಹಾಕಿದ ಆ ಇನ್ನೊಂದು ಸೌಟು ಕಣ್ಣ ಮುಂದೆ ಬಂತು. ಮೇಡಂ ಓಡಿಬಂದು ಅವಳ ತೋಳು ಹಿಡಿದರು. ಕೂರಿಸಿದರೂ ಕೂರಲಿಲ್ಲ. "ಮಗಳು ಊಟಕ್ಕೆ ಬರೋ ಹೊತ್ತು, ನಾನು ಮನೆಗೆ ಹೋಗ್ಬೇಕು" ಎಂದು ಬಾಗಿಲಿಗೆ ನಡೆದಳು.

ಪ್ರಯೋಗಾಲಯದ ಜೀಪಿನಲ್ಲೇ ಹೋದರು, ಮೇಡಂ ಮತ್ತು ಅವಳು. ದಾರಿಯುದ್ದಕ್ಕೂ ಮೇಡಂ ನಿಧಾನವಾಗಿ ವಿವರಿಸಿದರು: ಎಲ್ಲ ಸೀಸವೂ ಗೊಬ್ಬರದಿಂದ ಗಿಡಕ್ಕೆ ಏರುವುದಿಲ್ಲ, ಸ್ವಲ್ಪವೇ ಏರುವುದು, ತೊಳೆದರೆ ಮಣ್ಣಿನದ್ದು ಹೋಗುತ್ತದೆ. ಸೊಪ್ಪಿನಕ್ಕ ಟಿಕೆಟ್ಟಿಲ್ಲದ ಕೈಯನ್ನೇ ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು. ಒಂದು ಮಾತೂ ಅವಳ ಒಳಕ್ಕೆ ಇಳಿಯಲಿಲ್ಲ.

ಮನೆಯಲ್ಲಿ ಮಗಳು ಆಗಲೇ ತಟ್ಟೆ ಇಟ್ಟುಕೊಂಡು ಕೂತಿದ್ದಳು. ತಾಯಿ ತಟ್ಟೆ ಕಿತ್ತುಕೊಂಡಳು. ಯಾಕೆ ಎಂದು ಕೇಳಿದ ಮಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸುಳ್ಳು ಒಂದು ಸಲ ಹೇಳಿ ಸಾಕಾಗಿತ್ತು. ಮಗಳು ಅಳಲಿಲ್ಲ, ಕೂಗಾಡಲಿಲ್ಲ. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, "ಸಾಕು ಅಂದ್ರೂ ನೀನೇ ಬಡಿಸ್ತಿದ್ದೆ ಅಲ್ವಾಮ್ಮ" ಎಂದಳು. ಆ ಮಾತನ್ನು ತಾಯಿ ಬದುಕಿರುವವರೆಗೆ ಮರೆಯುವುದಿಲ್ಲ.

ತಾರಸಿಯ ಮೇಲೆ ಅವಳು ಹನ್ನೆರಡೂ ಕುಂಡಗಳ ಸೊಪ್ಪನ್ನು ಬೇರುಸಹಿತ ಕಿತ್ತಳು. ಮೇಡಂ ಪ್ರತಿ ಕುಂಡದಿಂದಲೂ ಮೇಲಿನದ್ದು, ನಡುವಿನದ್ದು, ತಳದ್ದು ಎಂದು ಮೂರು ಮೂರು ಲಕೋಟೆ ಮಣ್ಣು ತೆಗೆದರು. ಆಮೇಲೆ ಗುಲಾಬಿ ಕುಂಡದ ಮುಂದೆ ನಿಂತು, "ಇದಕ್ಕೂ ಅದೇ ಗೊಬ್ಬರಾನಾ?" ಎಂದು ಕೇಳಿದರು. "ಇಲ್ಲ, ಅದನ್ನ ಮುಟ್ಟೋಕೆ ನಾನು ಬಿಟ್ಟಿಲ್ಲ" ಎಂದ ಗಂಡ, ತಪ್ಪು ಮಾಡಿದವನ ಹಾಗೆ. ಮೇಡಂ ಅದರಿಂದಲೂ ಮೂರು ಲಕೋಟೆ ತುಂಬಿದರು. ಅದೇ ತಾರಸಿ, ಅದೇ ಗಾಳಿ, ಅದೇ ಮಳೆ. ಬೇರೆ ಇದ್ದದ್ದು ಓಣಿಯ ಎಲೆ ಒಂದೇ.

ಹತ್ತೊಂಬತ್ತು ವರ್ಷದ ವರದಿಗಳನ್ನು ಅಲ್ಲಾಡಿಸಿದ್ದು ಕೊನೆಗೆ ಆ ಬಡಕಲು ಗುಲಾಬಿಯೇ. ಅದರ ಮಣ್ಣಿನಲ್ಲಿ ಸೀಸ ಇಲ್ಲವೆನ್ನುವಷ್ಟು ಕಡಿಮೆ. ಉಳಿದ ಹನ್ನೆರಡರಲ್ಲಿ ಅದರ ಮೂವತ್ತು ಪಟ್ಟು, ಹಳೆಯ ವರ್ಷಗಳ ಎಲೆ ಕೊಳೆತ ತಳದಲ್ಲೂ ಅಷ್ಟೇ. ದೊಡ್ಡ ಸಾಹೇಬರು ಅಂಕಿಗಳನ್ನು ಎರಡು ಸಲ ಓದಿ, ಪರವಾನಗಿಯ ಕಾಗದವನ್ನು ಸಹಿ ಮಾಡದೆ ಹಿಂದಕ್ಕೆ ಕಳಿಸಿದರು. ಕಾರ್ಖಾನೆಯ ಕುಲುಮೆ ಆರಿತು. ಸೊಪ್ಪಿನಕ್ಕನಿಗೆ ಒಂದು ನೋಟಿಸು ಬಂತು. ಅವಳು ಬರೆದುಕೊಟ್ಟ ಸಮಜಾಯಿಷಿಯನ್ನು ಓದಿ ಎಚ್ಚರಿಕೆ ಕೊಟ್ಟು ಬಿಟ್ಟರು. ಓಣಿಯ ಶಾಲೆಯಲ್ಲಿ ಮಕ್ಕಳ ರಕ್ತಪರೀಕ್ಷೆ ಶುರುವಾಯಿತು. ಸಾಲಿನಲ್ಲಿ ಯಜಮಾನನ ಮೊಮ್ಮಗಳೂ ಇದ್ದಳು ಎಂದು ಮೇಡಂ ಹೇಳಿದರು.

ಅದೇ ವಾರ ಅವಳ ಮಗಳ ರಕ್ತವನ್ನೂ ಪರೀಕ್ಷೆಗೆ ಕೊಟ್ಟರು. ಆರು ದಿನ ಕಾಯಬೇಕಿತ್ತು. ಆರು ದಿನವೂ ಅವಳು ಮನೆಯೊಳಗೆ ನಡೆದ ದೂರವನ್ನು ಕೂಡಿಸಿದ್ದರೆ ಪಕ್ಕದ ಊರು ತಲುಪಬಹುದಿತ್ತು. ಗಂಡ ಚಕ್ರದ ಮಾತು ಎತ್ತಲಿಲ್ಲ. ಖಾಲಿ ಕುಂಡಗಳನ್ನು ಒಂದೊಂದಾಗಿ ತೊಳೆದು ಬೋರಲು ಹಾಕಿಟ್ಟ.

ಏಳನೆಯ ದಿನ ಆಸ್ಪತ್ರೆಯಲ್ಲಿ ಮೂವರೂ ಬೆಂಚಿನ ಮೇಲೆ ಕೂತರು. ಪಕ್ಕದ ಹೂಕುಂಡದಲ್ಲಿ ಒಣ ಎಲೆಗಳಿದ್ದವು. ಅವಳು ಮುಟ್ಟಲಿಲ್ಲ. ರಕ್ತ ತೆಗೆದಿದ್ದ ನರ್ಸೇ ಚೀಟಿ ಹಿಡಿದುಕೊಂಡು ಹೊರಬಂದು ನಕ್ಕಳು.

"ಏನೂ ಭಯ ಇಲ್ಲ ಅಮ್ಮ. ಮಿತಿಯೊಳಗೇ ಇದೆ."

ಮಗಳು ಉಸಿರು ಬಿಟ್ಟಳು. ಗಂಡ ಮುಖ ಒರೆಸಿಕೊಂಡು ಎದ್ದು ಚಪ್ಪಲಿ ಮೆಟ್ಟಿದ. ಸೊಪ್ಪಿನಕ್ಕ ಚೀಟಿ ಇಸಿದುಕೊಂಡು ಆ ಎರಡು ಪದಗಳನ್ನು ಓದಿದಳು. ಹತ್ತೊಂಬತ್ತು ವರ್ಷ ಓದಿ ಹಿಗ್ಗಿದ ಪದಗಳು. ಹೊರಟ ನರ್ಸನ್ನು ಮುಂಗೈ ಹಿಡಿದು ನಿಲ್ಲಿಸಿದಳು.

"ಒಂದು ನಿಮಿಷ ತಾಯಿ. ರಕ್ತ ತೆಗೆಯೋದು ನಿನಗೆ ಯಾರು ಹೇಳ್ಕೊಟ್ಟಿದ್ದು?"

"ಯಾಕಮ್ಮ? ನಮ್ಮ ಹೆಡ್ ಸಿಸ್ಟರ್."

"ಮೊದಲನೇ ದಿನ ಏನಂತ ಹೇಳಿದ್ರು ಅವರು? ಅವರು ಅಂದ ಮಾತನ್ನೇ ಹೇಳು, ಒಂದಕ್ಷರಾನೂ ಬದಲಾಯಿಸಬೇಡ."